ಜೊತೆಗೊಬ್ಬರು ಪುಕ್ಕಟೆ

ನನ್ನ ಗಂಡನಿಗೆ ದೇವರು ಒಂದೇ. ಅದರ ಹೆಸರು ಸವಲತ್ತು. ಅರವತ್ತೈದು ತುಂಬಿದ ದಿನ ಶಾವಿಗೆ ಪಾಯಸ ಮಾಡು ಎಂದರು. ಹುಟ್ಟಿದ ದಿನದ ಸಂಭ್ರಮವಿರಬೇಕು ಎಂದುಕೊಂಡೆ. ಅಲ್ಲ, ಮಹಾರಾಷ್ಟ್ರ ಸರ್ಕಾರದ ಎಸ್‌ಟಿ ಬಸ್ಸಿನಲ್ಲಿ ಅರ್ಧ ತಿಕೀಟು ಸುರುವಾದ ಸಂಭ್ರಮ. ಮರುದಿನವೇ ಶೇಗಾಂವದಿಂದ ಜತ್ತಕ್ಕೆ ಹೋದರು, ನಿಲ್ದಾಣದಲ್ಲಿ ಇಳಿದರು, ಅದೇ ಬಸ್ಸು ಹತ್ತಿ ತಿರುಗಿ ಬಂದರು. ಏನು ಕೆಲಸವಿತ್ತು ಎಂದು ಕೇಳಿದರೆ, "ಕೆಲಸಾ ಏನಿಲ್ಲ. ಹೋಗೂ ಮುಂದ ಅರ್ಧಾ ಉಳೀತು, ಬರೂ ಮುಂದ ಅರ್ಧಾ ಉಳೀತು" ಎಂದರು. ಮನೆಯಲ್ಲೇ ಕೂತಿದ್ದರೆ ಪೂರ್ತಿ ಉಳಿಯುತ್ತಿತ್ತು ಎಂಬ ಲೆಕ್ಕ, ಮೂವತ್ತೆರಡು ವರ್ಷ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವರಿಗೆ ಹೊಳೆಯಲಿಲ್ಲ. (ಅದಕ್ಕಿಂತ ಮೊದಲು ಸರ್ಕಾರ ಹೆಂಗಸರಿಗೆಲ್ಲ ಅರ್ಧ ತಿಕೀಟು ಮಾಡಿದಾಗ ಎರಡು ದಿನ ನನ್ನ ಜೊತೆ ಮಾತಾಡಿರಲಿಲ್ಲ. ತಪ್ಪು ನನ್ನದೇ ಎಂಬಂತೆ.)

ಇವರ ಹೆಸರು ಬಸಗೊಂಡ. ಗಂಡನ ಹೆಸರನ್ನು ಬಾಯಿಂದ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆಯಬಾರದು ಎಂದು ಯಾರೂ ಹೇಳಿಲ್ಲ, ಆದ್ದರಿಂದ ಬರೆದೆ. ಊರಿಗೆಲ್ಲ ಮಾಸ್ತರು, ನನಗೂ ಮಾಸ್ತರು. ಮನೆಯಲ್ಲಿ ನಾವು ಮೂವರು: ಮಾಸ್ತರು, ಅವರ ತಾಯಿ ಹಾಲವ್ವ, ಮತ್ತು ಇಬ್ಬರ ಕೆಲಸವನ್ನೂ ಮಾಡುವ ನಾನು, ದಾಕ್ಷಾಯಣಿ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಗಳಲ್ಲಿ ಇದೇ ಕೆಲಸವನ್ನು ಮಾಡುತ್ತಿದ್ದಾರೆ.

ಹೋದ ವರ್ಷ ಜತ್ತದಿಂದ ಒಂದೂವರೆ ತಾಸಿನ ದಾರಿಯಲ್ಲಿ, ಗುಡ್ಡದ ಬುಡಕ್ಕೆ ಒಂದು ನಿಸರ್ಗ ಉದ್ಯಾನ ತೆರೆದರು. ನಾಲ್ಕು ಜಿಂಕೆ, ಆರು ನವಿಲು, ಒಂದು ಕೆರೆ, ಕೆರೆಯಲ್ಲಿ ಹಂಸದ ಆಕಾರದ ದೋಣಿ, ಇಷ್ಟಕ್ಕೂ ಸುತ್ತ ತಂತಿ ಬೇಲಿ. ಒಂದು ಮುಂಜಾನೆ ಮಾಸ್ತರು ಪೇಪರ್ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು. ಅವರು ಅಲ್ಲಿಯವರೆಗೆ ಬರುವುದು ಚಹಾ ತಡವಾದಾಗ ಮಾತ್ರ, ಹೀಗಾಗಿ ನಾನು ಬೋಗುಣಿಗೆ ಕೈ ಹಾಕಿದೆ.

"ಚಹಾ ಇರ್ಲಿ. ಇದನ್ನ ಕೇಳು. ಉದ್ಯಾನದವರು ಜ್ಯೇಷ್ಠ ನಾಗರಿಕರಿಗೆ ವರ್ಷದ ಪಾಸ್ ಕೊಡ್ತಾರಂತ. ಗುರುವಾರಕ್ಕೊಮ್ಮೆ ಹೋಗಿ ಬರಬೌದು. ಅರವತ್ತ ದಾಟಿದವರಿಗೆ ಅರ್ಧಾ ದರ."

"ನಿಮಗ ಅರವತ್ತೇಳು. ಮಾಡಿಸ್ಕೋರಿ."

ಮಾಸ್ತರು ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು. "ಅರ್ಧಾ ದರ ಅಂದ್ರ ಅರ್ಧಾ ಕೊಟ್ಟಂಗ ಆಗಲಿಲ್ಲೇನ? ಮುಂದ ಕೇಳು. ಎಪ್ಪತ್ತೈದು ದಾಟಿದವರಿಗೆ ಪೂರ್ತಿ ಪುಕ್ಕಟೆ. ಅವರ ಜೋಡಿ ಹೋಗಾಂವ ಒಬ್ಬ ಸೋಬತಿ, ಅಂವಗೂ ಪುಕ್ಕಟೆ. ಈಗ ಹೇಳು, ನಮ್ಮ ಮನ್ಯಾಗ ಎಪ್ಪತ್ತೈದು ದಾಟಿದವರು ಯಾರದಾರ?"

ನಡುಮನೆಯಲ್ಲಿ ಎಂಬತ್ತೈದರ ನಮ್ಮ ಅತ್ತೆ ಬತ್ತಿ ಹೊಸೆಯುತ್ತಿದ್ದರು. ಹುಟ್ಟಿಸಿ, ಬೆಳೆಸಿ, ಮಾಸ್ತರನ್ನಾಗಿ ಮಾಡಿದ ತಾಯಿಯಿಂದ ಇನ್ನೂ ಒಂದು ಸವಲತ್ತು ಹುಟ್ಟಬಹುದು ಎಂದು ಮಗನಿಗೆ ಆ ದಿನ ತಿಳಿಯಿತು.

"ನಿನ್ನೂ ಕರ್ಕೊಂಡ ಹೋಗ್ತಿದ್ದೆ. ಖರೆ ನಿನಗ ಅರ್ಧಾ ಬೀಳತೈತಿ" ಎಂದರು, ಬಹಳ ಬೇಸರವಾದವರಂತೆ.

ಬೇರೆ ದಿನವಾಗಿದ್ದರೆ ಈ ಮಾತಿಗೆ ಬೋಗುಣಿ ಸಪ್ಪಳ ಮಾಡುತ್ತಿತ್ತು. ಅಂದು ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಮುಂಜಾನೆ ಏಳೂವರೆಯ ಬಸ್ಸಿಗೆ ತಾಯಿ ಮಗ ಹೊರಟರೆ ಸಂಜೆ ಆರಕ್ಕೆ ತಿರುಗಿ ಬರುತ್ತಾರೆ. ಹತ್ತೂವರೆ ತಾಸು. ಪ್ರತಿ ಗುರುವಾರ. ಅಷ್ಟೂ ಹೊತ್ತು ಈ ಮನೆಯಲ್ಲಿ ಇರುವವಳು ನಾನೊಬ್ಬಳೇ.

ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಈ ಮನೆಯಲ್ಲಿ ನಾನು ಒಬ್ಬಳೇ ಇದ್ದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ರೊಟ್ಟಿ ಬೇಯುವಷ್ಟು ಆದೀತು. ಮದುವೆಗೆ ಹೋದರೆ ಎಲ್ಲರೂ ಹೋಗುತ್ತೇವೆ, ಅತ್ತೆಯ ಕೈ ಹಿಡಿಯಲು ನಾನು. ಮನೆಯಲ್ಲಿದ್ದರೆ ಎಲ್ಲರೂ ಇರುತ್ತೇವೆ, ಎಲ್ಲರ ಕೈಗೆ ಕೊಡಲು ನಾನು. ಹೀಗಾಗಿ ಆ ಹತ್ತೂವರೆ ತಾಸಿನಲ್ಲಿ ಏನು ಮಾಡುತ್ತೇನೆ ಎಂದು ಕಣ್ಣು ತೆರೆದುಕೊಂಡೇ ಕನಸು ಕಂಡೆ. ಒಲೆ ಹಚ್ಚುವುದಿಲ್ಲ. ತಂಗಳು ರೊಟ್ಟಿ, ಮೊಸರು, ಶೇಂಗಾ ಹಿಂಡಿ. ಅದನ್ನೂ ಹಸಿವಾದಾಗಲೇ, ಅಂದರೆ ನನಗೆ ಹಸಿವಾದಾಗ. (ನನಗೆ ಯಾವಾಗ ಹಸಿವಾಗುತ್ತದೆ ಎಂಬುದು ನನಗೇ ಗೊತ್ತಿಲ್ಲ. ಎಲ್ಲರದೂ ಆದ ಮೇಲೆ ಆಗುತ್ತದೆ ಎಂದಷ್ಟೇ ಗೊತ್ತು.) ನಡುಮನೆಯಲ್ಲಿ, ಗಾಳಿ ಬರುವ ಜಾಗದಲ್ಲಿ, ಮಾಸ್ತರ ಜಾಗದಲ್ಲೇ ಕಾಲು ಚಾಚಿ ಮಲಗುತ್ತೇನೆ. "ಇಕಿ ಎಲ್ಲಿ ಹೋದ್ಲು" ಎಂದು ಯಾರೂ ಕೇಳುವುದಿಲ್ಲ. ಸಾಮ್ರಾಜ್ಯ ಸಿಕ್ಕವರೂ ಇಷ್ಟು ಹಿಗ್ಗಿರಲಾರರು.

ಅಂದಿನಿಂದ ಉದ್ಯಾನದ ದೊಡ್ಡ ಅಭಿಮಾನಿ ನಾನೇ ಆದೆ. ಮೊದಲು ಅತ್ತೆಯನ್ನು ಒಪ್ಪಿಸಬೇಕಿತ್ತು.

"ಗಿಡಾ ನೋಡಾಕ ಪಾಸ್ ಬೇಕಂತೇನ ದಾಕ್ಷಾಣಿ?" ಎಂದರು ಅತ್ತೆ. "ಹುಟ್ಟಿದಾಗಿಂದ ಬೇವಿನ ಗಿಡಾ ನೋಡೀನಿ, ಜಾಲಿ ಗಿಡಾ ನೋಡೀನಿ. ಇನ್ನ ಯಾವ ಗಿಡಾ ನೋಡೂದ ಉಳದೈತಿ?"

"ನವಿಲ ಅದಾವಂತ್ರಿ ಅತ್ತಿ."

"ನಮ್ಮ ಹೊಲದಾಗ ನವಿಲ ಬಂದ್ರ ಕಲ್ಲ ಒಗದ ಓಡಸ್ತಿದ್ವಿ. ಶೇಂಗಾ ಕೆದರತಾವ ಅಂತ."

"ಅಲ್ಲಿ ನೀವು ಓಡಸೂದ ಬ್ಯಾಡ್ರಿ. ಕುಂತ ನೋಡೂದಷ್ಟ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಕುಂತು ನೋಡುವುದು ಎಂಬ ಮಾತು ಎಲ್ಲೋ ತಾಗಿರಬೇಕು. ಎಂಬತ್ತೈದು ವರ್ಷದಲ್ಲಿ ಅವರೂ ಏನನ್ನೂ ಕುಂತು ನೋಡಿದವರಲ್ಲ. "ತಮ್ಮಾ ಜೋಡೀಲಿ ಬರ್ತಾನಂದ್ರ ನೋಡೂಣು" ಎಂದರು. (ತಾಯಿಗೆ ಮಾಸ್ತರು ಇನ್ನೂ ತಮ್ಮಾ.)

ಮಾಸ್ತರು ಜತ್ತಕ್ಕೆ ಹೋಗಿ ಅರ್ಜಿ ತಂದರು. ಅಲ್ಲಿಗೆ ಅವರ ಪಾಲಿನ ಕೆಲಸ ಮುಗಿಯಿತು. ಆಧಾರ ಕಾರ್ಡು ಹುಡುಕಿದವಳು ನಾನು. ಝೆರಾಕ್ಸ್ ಮಾಡಿಸಿದವಳು ನಾನು. ತಲೆಯ ಮೇಲಿನ ಸೆರಗು ಸರಿಸಲಾರೆ ಎಂದು ಪಟ್ಟು ಹಿಡಿದ ಅತ್ತೆಯನ್ನು ಫೋಟೋದವನ ಮುಂದೆ ಕೂಡಿಸಿ, ಒಂದು ಕಿವಿಯಾದರೂ ಕಾಣುವಂತೆ ಮಾಡಿದವಳು ನಾನು. ಮರಾಠಿಯಲ್ಲಿದ್ದ ನಾಲ್ಕು ಪುಟ ತುಂಬಿದವಳೂ ನಾನೇ. ಮಾಸ್ತರು ಕೊನೆಗೆ ಸಹಿ ಮಾಡಿ, "ಹುಶ್, ಏನ ದಗದಪ್ಪಾ ಇದು" ಎಂದು ಬೆನ್ನು ಚಾಚಿದರು.

ನಾಲ್ಕನೆಯ ಪುಟದಲ್ಲಿ ಒಂದು ತೊಡಕಿತ್ತು. ಸೋಬತಿಯಾಗಿ ಬರುವವರು ಹಿರಿಯರ ರೋಗ, ಗುಳಿಗೆ, ಊಟ ಎಲ್ಲವನ್ನೂ ಬಲ್ಲವರಿರಬೇಕು, ಅರ್ಜಿ ಕೊಡುವಾಗ ಕೆಲವು ಪ್ರಶ್ನೆ ಕೇಳಲಾಗುವುದು ಎಂದು ಬರೆದಿತ್ತು. ಮಾಸ್ತರಿಗೆ ತಾಯಿಯ ಬಗ್ಗೆ ಗೊತ್ತಿದ್ದುದು ಎರಡೇ: ಹೆಸರು ಮತ್ತು ಈಗ ವಯಸ್ಸು. ಆದರೆ ನನ್ನ ಗುರುವಾರಗಳು ಈ ಪರೀಕ್ಷೆಯ ಮೇಲೆ ನಿಂತಿದ್ದವು. ಹೀಗಾಗಿ ಶಿಕವಣಿ, ಅಂದರೆ ಮನೆಪಾಠ, ಸುರು ಮಾಡಿದೆ. ದಿನಾ ಸಂಜೆ, ನಾನು ರೊಟ್ಟಿ ಬಡಿಯುವಾಗ, ಮಾಸ್ತರು ಮಣೆಯ ಮೇಲೆ ಕೂತು ಪಾಠ ಒಪ್ಪಿಸಬೇಕು.

"ಯಾವ ಕಣ್ಣಿಗೆ ಔಷಧಾ ಹಾಕಬೇಕ್ರಿ?"

"ಎರಡೂ ಕಣ್ಣಿಗೆ. ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಹೆಂಗ?"

"ಎಡಗಣ್ಣಿಗೆ ಅಷ್ಟ. ಬಲಗಣ್ಣಿಂದು ಆಪರೇಷನ್ ಆಗಿ ಎರಡ ವರ್ಷ ಆತು."

"ಆಪರೇಷನ್ ಆಗೇತೇನು? ಯಾವಾಗ?"

"ನೀವು ನಿವೃತ್ತ ಮಾಸ್ತರ ಮಂದಿ ಜೋಡಿ ಗೋಕರ್ಣಕ್ಕ ಹೋಗಿದ್ರಲ್ಲ, ಆಗ."

"ನನಗ ಹೇಳಲೇ ಇಲ್ಲ ನೀವಿಬ್ರೂ."

"ಹಸಿರು ಪಟ್ಟಿ ಕಟ್ಟಿಕೊಂಡು ಒಂದ ತಿಂಗಳ ನಿಮ್ಮ ಎದರಿಗೆ ಕುಂತಿದ್ರು."

"ಬಿಸಲಿಗೆ ಕಟ್ಯಾರ ಅನ್ಕೊಂಡಿದ್ದೆ" ಎಂದರು. ಮೂವತ್ತೆರಡು ವರ್ಷ ಮಕ್ಕಳಿಗೆ ಅವಲೋಕನ ಶಕ್ತಿ ಕಲಿಸಿದವರು.

ಏನೇ ಆಗಲಿ, ಒಂದು ವಾರದಲ್ಲಿ ಮಾಸ್ತರು ಮಗ್ಗಿ ಒಪ್ಪಿಸುವಂತೆ ಒಪ್ಪಿಸತೊಡಗಿದರು. ಸಕ್ಕರೆ ರೋಗದ ಗುಳಿಗೆ ಉಣ್ಣುವ ಮೊದಲು, ಬಿಪಿಯದು ಉಂಡ ಮೇಲೆ, ಎಡಗಣ್ಣಿಗೆ ಎರಡು ಹನಿ, ಲಿಂಗಪೂಜೆ ಆಗುವ ತನಕ ನೀರೂ ಇಲ್ಲ, ರೊಟ್ಟಿ ಹಾಲಿನಲ್ಲಿ ನೆನೆಸಿ. ಅರ್ಥ ಗೊತ್ತಿಲ್ಲದಿದ್ದರೂ ತಪ್ಪಿಲ್ಲದ ಪಾಠ. ನಮ್ಮ ಶಾಲೆಗಳಲ್ಲಿ ಇಷ್ಟಕ್ಕೇ ಮೊದಲ ನಂಬರು ಕೊಡುತ್ತಾರೆ.

ಅರ್ಜಿ ಕೊಡುವ ದಿನ ಹಿರಿಯರು ಖುದ್ದಾಗಿ ಬರಬೇಕಿತ್ತು. ಅವರನ್ನು ಬಸ್ಸು ಹತ್ತಿಸಿ ಇಳಿಸಲು ನಾನೂ ಹೊರಟೆ. ಇದೊಂದು ದಿನ, ಕೊನೆಯ ಸಲ ಎಂದುಕೊಂಡೆ. ಜತ್ತದ ಆ ಕಚೇರಿ ಎಂದರೆ ಒಂದು ಕೋಣೆ, ಒಂದು ಮೇಜು, ಮೇಜಿನ ಹಿಂದೆ ಮಂಗಲ ಮೇಡಂ. ಕನ್ನಡಕದ ಮೇಲಿಂದ ನೋಡುವ, ನಲವತ್ತರ ಹೆಣ್ಣುಮಗಳು. ಸಾಲಿನಲ್ಲಿ ನಮ್ಮ ಹಿಂದೆ ಇಂದುಬಾಯಿ ಎಂಬ ಹೆಂಗಸು, ತನ್ನ ಮಾವನ ಕಾಗದ ಹಿಡಿದುಕೊಂಡು ನಿಂತಿದ್ದಳು. ಬಸ್ಸಿಳಿದು ಬರುವಾಗಲೇ ಪರಿಚಯ ಮಾಡಿಕೊಂಡಿದ್ದಳು.

"ಸೋಬತಿ ಯಾರ್ರಿ?" ಎಂದು ಮೇಡಂ ಕೇಳಿದರು.

"ನಾನರಿ. ಮಗ" ಎಂದು ಮಾಸ್ತರು ಮುಂದೆ ಬಂದರು.

"ಹಿಂಗ ಭಾಳ ಮಂದಿ ಮಕ್ಕಳು ಬರ್ತಾರ್ರಿ. ಪಾಸ್ ಕೈಗೆ ಬಂದ ಮ್ಯಾಲ ಮುದುಕಿನ್ನ ಕಲ್ಲಿನ ಬಾಕಿನ ಮ್ಯಾಲ ಕುಂಡ್ರಿಸಿ ತಾವು ಬೋಟಿನ್ಯಾಗ ತಿರಗತಾರ. ಹೋದ ತಿಂಗಳ ಒಬ್ಬ ಅಜ್ಜಿ ಚಕ್ಕರ್ ಬಂದ ಬಿದ್ಲು. ಮಗನ್ನ ಕೇಳಿದ್ರ ಯಾವ ಗುಳಿಗಿ ಅನ್ನೂದ ಗೊತ್ತಿಲ್ಲ. ಅದಕ್ಕ ನಾಕ ಪ್ರಶ್ನೆ ಕೇಳತೀನಿ, ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಕೇಳ್ರಿ" ಎಂದರು ಮಾಸ್ತರು. ಮಗಳ ಹತ್ತನೇ ಇಯತ್ತೆಯ ಪರೀಕ್ಷೆಯ ನಿಕಾಲಿಗೂ ನಾನು ಇಷ್ಟು ಹೆದರಿರಲಿಲ್ಲ.

ಗುಳಿಗೆ ಕೇಳಿದರು, ಹೇಳಿದರು. ಕಣ್ಣಿನ ಹನಿ ಕೇಳಿದರು, ಎಡಗಣ್ಣು ಎಂದರು. ಊಟ ಕೇಳಿದರು, ಹಾಲಿನಲ್ಲಿ ನೆನೆಸಿದ ರೊಟ್ಟಿ ಎಂದರು. ಲಿಂಗಪೂಜೆಯ ವಿಷಯವನ್ನು ಕೇಳದೆಯೇ ಹೇಳಿದರು. ಮೇಡಂ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು.

"ಭಾಳ ಚಲೋ ಆತ್ರಿ ಸರ. ಈ ಖುರ್ಚಿ ಮ್ಯಾಲ ಕುಂತು ಆರ ತಿಂಗಳ ಆತು, ಇಷ್ಟ ತಿಳಕೊಂಡಂಥಾ ಮಗನ್ನ ಇವತ್ತ ನೋಡಿದೆ. ಎಲ್ಲಾ ನೀವ ಮಾಡ್ತೀರೇನ್ರಿ?"

ಈಗ ಮಾಸ್ತರು ಹೌದು ಎಂದು ಸುಮ್ಮನಾದರೆ ಸಾಕಿತ್ತು. ಪಾಸಿಗೆ ಒತ್ತುವ ಠಸ್ಸೆ ಮೇಡಂ ಕೈಯಲ್ಲೇ ಇತ್ತು. ನನ್ನ ಗುರುವಾರಕ್ಕೂ ನನಗೂ ನಡುವೆ ಒಂದು ಗೇಣು ಜಾಗ. ಆದರೆ ಹೊಗಳಿಕೆ ಎಂಬುದು ಮಾಸ್ತರಿಗೆ ಬಿಸಿಲಲ್ಲಿಟ್ಟ ಬೆಣ್ಣೆಯಂತೆ, ಕರಗುತ್ತಾ ಹರಡುತ್ತಾರೆ.

"ತಾಯಿ ಅಲ್ರಿ ಮೇಡಂ. ಮತ್ಯಾರ ಮಾಡಬೇಕು?" ಎಂದರು, ಸ್ವರ ಇಳಿಸಿ.

ಇಂದುಬಾಯಿ ನನ್ನ ಮೊಣಕೈ ತಿವಿದಳು. "ಪುಣ್ಯಾ ಮಾಡೀರಿ ಅಕ್ಕಾರ. ಅತ್ತಿದೆಲ್ಲಾ ಗಂಡನ ನೋಡ್ತಾರಂದ್ರ ನಿಮಗೇನ್ ಕೆಲಸಾ ಉಳಿತು? ಮನ್ಯಾಗ ಆರಾಮ ಕುಂತಿರತೀರಿ."

ಇದನ್ನೂ ನುಂಗಿದೆ. ಗುರುವಾರ, ಗುರುವಾರ ಎಂದು ಮನಸ್ಸಿನಲ್ಲೇ ಜಪ ಮಾಡಿದೆ. ಆಗ ಮಾಸ್ತರು ಹಿಂದೆ ತಿರುಗಿ, ಇಂದುಬಾಯಿಗೂ ಕೇಳುವಂತೆ, ನನ್ನನ್ನು ಬಹಳ ಕರುಣೆಯಿಂದ ನೋಡಿ ಅಂದರು:

"ಆಕಿಗೂ ವಯಸ್ಸಾತಲ್ರಿ. ಆಕಿಗೆ ತ್ರಾಸ ಬ್ಯಾಡ ಅಂತ ನಾನ ಮಾಡ್ಕೊಂತೀನಿ."

ಓದುವವರು ನನ್ನನ್ನು ಬೈಯಬಹುದು, ಬೈಯಲಿ. ಆದರೆ ನಲವತ್ತೊಂದು ವರ್ಷ ರೊಟ್ಟಿ ಬಡಿದ ಕೈ ಯಾರಿಗಾದರೂ ಇದ್ದರೆ, ಆ ಕ್ಷಣ ಆ ಕೈ ಏನಾಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

"ಮೇಡಂ" ಎಂದೆ. "ಗುಳಿಗಿ ಬಣ್ಣಾ ಯಾವುದು ಅಂತ ಇವರನ್ನ ಕೇಳ್ರಿ."

"ಯಾವ ಬಣ್ಣಾರಿ ಸರ?"

ಅದು ಪಾಠದಲ್ಲಿ ಇರಲಿಲ್ಲ. ಮಾಸ್ತರು ನಲವತ್ತೊಂದು ವರ್ಷದ ರೂಢಿಯಂತೆ ನನ್ನ ಕಡೆ ನೋಡಿದರು. ನಾನೂ ನಲವತ್ತೊಂದು ವರ್ಷದ ರೂಢಿಯಂತೆ ಹೇಳಿಬಿಟ್ಟೆ.

"ಸಕ್ರೀದು ಬಿಳೇದು, ಬಿಪೀದು ಗುಲಾಬಿ. ಬಿಳೇದನ್ನ ನೋಡಿದ್ರ ಒಲ್ಲೆ ಅಂತಾರ್ರಿ ಮೇಡಂ. ಅದನ್ನ ಪುಡಿ ಮಾಡಿ, ಗುಡ್ಡಾಪುರದ ದಾನಮ್ಮನ ಫೋಟೋ ಮುಂದ ಇಟ್ಟ, ಪ್ರಸಾದ ಅಂತ ಹೇಳಿ ಬಾಯಾಗ ಹಾಕ್ತೀನಿ, ಮೂರ ವರ್ಷ ಆತು. ಎಡಗಾಲ ಮೊಳಕಾಲಿಗೆ ಎಣ್ಣಿ ಬಿಸಿ ಮಾಡಿ ತಿಕ್ಕಬೇಕು, ಬಲಗಾಲಿಗೆ ತಣ್ಣಂದು. ಎಡಕಿನ ಕಿವಿ ಕೇಳೂದಿಲ್ಲ, ಬಲಕ್ಕ ಕುಂತ ಮಾತಾಡಬೇಕು. ಮೆಟ್ಟಿಲ ಇಳಿಯೂ ಮುಂದ ಕೈ ಹಿಡದ್ರ ಸಿಟ್ಟಾಗತಾರ, ಸೆರಗ ಹಿಡೀಬೇಕು, ಅವರಿಗೆ ಗೊತ್ತಾಗದಂಗ. ಇದನ್ನೆಲ್ಲಾ ಯಾರ ಮಾಡ್ತಾರ ಕೇಳ್ರಿ ಇವರನ್ನ. ಬಲಗಣ್ಣಿನ ಆಪರೇಷನ್ ಆದದ್ದ ಹೋದ ವಾರ ಗೊತ್ತಾಗೇತಿ ಇವರಿಗೆ."

ಮೂರು ವರ್ಷ ಮುಚ್ಚಿಟ್ಟ ಪ್ರಸಾದದ ಗುಟ್ಟು ಅತ್ತೆಯ ಎದುರೇ ಹೊರಬಿದ್ದದ್ದು ನನಗೆ ಆಮೇಲೆ ಹೊಳೆಯಿತು. ಅತ್ತೆ ಸೆರಗು ಸರಿಮಾಡಿಕೊಂಡರು.

"ನನಗ ಗೊತ್ತಿಲ್ಲನಕೊಂಡಿಯೇನ?" ಎಂದರು. "ದಾನಮ್ಮ ದಿನಾ ಎರಡ ಹೊತ್ತ ಕಹಿ ಪ್ರಸಾದ ಕೊಡ್ತಾಳೇನ? ನೀ ಇಷ್ಟ ಕಷ್ಟಾಪಟ್ಟ ಸುಳ್ಳ ಹೇಳತಿ, ಒಲ್ಲೆ ಅಂದ್ರ ನಿನಗ ಬ್ಯಾಸರಾದೀತು ಅಂತ ನುಂಗತಿದ್ದೆ."

ಮಂಗಲ ಮೇಡಂ ಕನ್ನಡಕ ಹಾಕಿಕೊಂಡರು. ಅರ್ಜಿಯಲ್ಲಿ ಮಾಸ್ತರ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಎಷ್ಟು ನೇರ ಗೆರೆ ಎಂದರೆ, ಅಳತೆಪಟ್ಟಿ ಹಿಡಿದರೂ ಹಾಗೆ ಬರಲಾರದು. "ನಿಮ್ಮ ಹೆಸರ್ರಿ ಬಾಯಿ?"

ಆಗ ಎಚ್ಚರವಾಯಿತು. "ಬ್ಯಾಡ್ರಿ ಮೇಡಂ" ಎಂದೆ. "ಸಿಟ್ಟಿನಾಗ ಅಂದೆ. ಇವರಿಗೆ ಎಲ್ಲಾ ಗೊತ್ತೈತಿ. ಬೇಕಾರ ಇನ್ನೊಮ್ಮೆ ಕೇಳ್ರಿ. ನಾ ಬಣ್ಣಾನೂ ಕಲಿಸಿ ಕರ್ಕೊಂಡ ಬರ್ತೀನಿ."

ಮೇಡಂ ಕಣ್ಣಲ್ಲಿ ನೀರಿತ್ತು. ಎದ್ದು ಬಂದು ನನ್ನ ಕೈ ಹಿಡಿದರು. "ಅಂಜಬ್ಯಾಡ್ರಿ ಬಾಯಿ. ನಾನೂ ನಿಮ್ಮಂಗ ಹೆಣ್ಣಮಗಳು. ನನ್ನ ಮನ್ಯಾಗೂ ಮಾಡೂದು ನಾನು, ಹೆಸರ ಬರೂದು ಅವರಿಗೆ. ನೀವು ಮಾಡೂ ದಗದಕ್ಕ ನಿಮ್ಮ ಹೆಸರ ಬರಬೇಕು. ಇಲ್ಲಿ ನನ್ನ ಕೈಯಾಗ ಪೆನ್ ಇರೂತನಕ ಅದನ್ನ ಯಾರೂ ತಪ್ಪಸಾಕ ಆಗೂದಿಲ್ಲ."

ಏನು ಹೇಳಲಿ. ಹೆಣ್ಣಿನ ಕೆಲಸಕ್ಕೆ ಹೆಣ್ಣಿನ ಹೆಸರೇ ಬರಬೇಕು ಎಂದು ಪತ್ರಿಕೆಗಳಿಗೆ ಬರೆದು ಬರೆದು ನನ್ನ ಬೆರಳು ಗಂಟುಗಟ್ಟಿವೆ, ಮಹಿಳಾ ಮಂಡಳದಲ್ಲಿ ಎರಡು ಭಾಷಣ ಮಾಡಿದ್ದೇನೆ. ಅದು ಜಗತ್ತಿನಲ್ಲಿ ಮೊದಲ ಸಲ ನಡೆಯುತ್ತಿರುವಾಗ, ಬೇಡಿರಿ ಎಂದು ಕೈ ಮುಗಿಯುತ್ತಿದ್ದವಳು ನಾನೊಬ್ಬಳೇ. ಠಸ್ಸೆ ಬಿತ್ತು. ಹಾಲವ್ವ, ವಯಸ್ಸು ಎಂಬತ್ತೈದು. ಸೋಬತಿ, ದಾಕ್ಷಾಯಣಿ. ವರ್ಷದ ತನಕ ಬದಲಾಯಿಸಲು ಬರುವುದಿಲ್ಲ. ಇಂದುಬಾಯಿ ಚಪ್ಪಾಳೆ ತಟ್ಟಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರು ಒಂದು ಹರದಾರಿ ದೂರ ಮುಖ ಊದಿಸಿಕೊಂಡಿದ್ದರು, ಕೈಗೆ ಬಂದ ಸವಲತ್ತು ಹೋಯಿತೆಂದು. ನೀವು ಅರ್ಧ ದರ ಕೊಟ್ಟು ನಮ್ಮ ಜೊತೆ ಬನ್ನಿ ಎಂದೆ. ಪುಕ್ಕಟೆ ಹೋಗುವವರ ಜೊತೆ ಅರ್ಧ ಕೊಟ್ಟು ಹೋಗುವುದು ಮಾನಗೇಡು ಎಂದರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು. ಗಣಿತದ ಮಾಸ್ತರು, ತಡವಾಗಿಯಾದರೂ ಲೆಕ್ಕ ಬಿಡಿಸುತ್ತಾರೆ.

"ಅಂದ್ರ ಗುರುವಾರಕ್ಕೊಮ್ಮೆ ಮನ್ಯಾಗ ನಾನೊಬ್ಬನ" ಎಂದರು.

ಹೋಗದೆ ಇದ್ದುಬಿಡೋಣ ಎಂದೂ ಯೋಚಿಸಿದೆ. ಆದರೆ ಅತ್ತೆ ಬುಧವಾರ ಸಂಜೆಯೇ ಇಳಕಲ್ಲ ಸೀರೆ ತೆಗೆದಿಟ್ಟು, ಬಾಗಿಲಲ್ಲಿ ಚಪ್ಪಲಿ ಜೋಡಿಸಿ ಮಲಗಿದರು. ಕುಂತು ನೋಡುವ ಆಸೆ ಹುಟ್ಟಿಸಿದವಳು ನಾನೇ ಅಲ್ಲವೇ. ಮೊದಲ ಗುರುವಾರ ನಾಲ್ಕು ಗಂಟೆಗೆ ಎದ್ದೆ. ಅತ್ತೆಗೆ ಹಾಲಿನ ಬುತ್ತಿ, ದಾರಿಗೆ ನಮ್ಮಿಬ್ಬರ ಬುತ್ತಿ, ಮನೆಯಲ್ಲಿ ಉಳಿಯುವ ಮಾಸ್ತರಿಗೆ ಬಿಸಿ ರೊಟ್ಟಿ, ಎಣಗಾಯಿ, ಸಂಜೆಗೆ ಅವಲಕ್ಕಿ. ಬೇರೆ ದಿನ ಎರಡು ಸಲ ಮಾಡುತ್ತಿದ್ದ ಅಡಿಗೆಯನ್ನು ಗುರುವಾರ ಒಂದೇ ಸಲ ಮಾಡುತ್ತೇನೆ, ಇದೊಂದು ಸವಲತ್ತು.

ಉದ್ಯಾನದಲ್ಲಿ ಅತ್ತೆಯನ್ನು ಬಾಕಿನ ಮೇಲೆ ಕೂಡಿಸಿ, ಬಲಕ್ಕೆ ಕೂತು, ನವಿಲು ತೋರಿಸಿದೆ. ಅತ್ತೆ ಬಹಳ ಹೊತ್ತು ನೋಡಿದರು. ಓಡಿಸಲಿಲ್ಲ. ಮೊಳಕಾಲು ತಿಕ್ಕು ಎಂದರು, ತಿಕ್ಕಿದೆ. ಮಧ್ಯಾಹ್ನ ಎರಡಕ್ಕೆ ಮಾಸ್ತರ ಫೋನು ಬಂತು.

"ಏ, ಚಹಾಪುಡಿ ಡಬ್ಬಿ ಎಲ್ಲೈತಿ?"

"ಒಲಿ ಮ್ಯಾಲಿನ ಹಲಗಿ ಮ್ಯಾಲ, ಬಲಕ್ಕ. ಉಂಡ್ರೇನು?"

"ಉಂಡೆ. ಗಂಗಾಳ ಅಲ್ಲೇ ಇಟ್ಟೀನಿ, ನೀ ಬಂದ ತೊಳೀತಿಯಲ್ಲ." ಮಾಸ್ತರು ಒಂದು ದೀರ್ಘ ಉಸಿರು ಬಿಟ್ಟರು. ನಲವತ್ತೊಂದು ವರ್ಷದಲ್ಲಿ ಅವರ ದನಿ ಅಷ್ಟು ಮೆತ್ತಗೆ ಕೇಳಿರಲಿಲ್ಲ. "ಮನಿ ಎಷ್ಟ ಶಾಂತ ಐತಿ ಗೊತ್ತೇನ. ಒಂದ ಸಪ್ಪಳಿಲ್ಲ, ಯಾರೂ ಕರೆಯೂದಿಲ್ಲ. ಕಾಲ ಚಾಚಿ ಮಕ್ಕೊಂಡೀನಿ. ಖರೇ ಹೇಳತೀನಿ, ನಿನಗೂ ಒಂದ ದಿನಾ ಹಿಂಗ ಸಿಗಬೇಕ ನೋಡು."

ಫೋನು ಇಟ್ಟೆ. ಅತ್ತೆ ನವಿಲಿನಿಂದ ಕಣ್ಣು ತೆಗೆಯದೆ ಕೇಳಿದರು.

"ತಮ್ಮಾ ಏನಂತಾನ?"

"ಆರಾಮ ಅದಾರಂತ್ರಿ."

"ಎಲ್ಲೀ ಆರಾಮ. ಪಾಪ, ಮನ್ಯಾಗ ಒಬ್ಬನ ಕುಂತಾನ" ಎಂದು ಅತ್ತೆ ಲೊಚಗುಟ್ಟಿದರು. "ಮುಂದಿನ ಗುರುವಾರ ಬರೂ ಮುಂದ ಅಂವಗ ನಾಕ ಕಡಬ ಮಾಡಿಟ್ಟ ಬಾ."